ಪಳಗಿದ ನಳಿಗೆ

ಅಮ್ಮನ ಬೊಜ್ಜದ ದಿನ ಅನ್ನ ಮುಟ್ಟಲು ಕಾಗೆ ಬರಲಿಲ್ಲ. ಬೊಜ್ಜವೆಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ಆ ದಿನ ಎಲೆಯಲ್ಲಿಟ್ಟ ಅನ್ನವನ್ನು ಕಾಗೆ ತಿಂದರೆ ಹೋದವರು ಉಂಡು ತೃಪ್ತರಾದರೆಂದು ನಂಬಿಕೆ. ಇದನ್ನು ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಅವರ ಅಮ್ಮ ಇನ್ನೂ ಇದ್ದಾಳೆ.

ಕಾಪುವಿನ ನಮ್ಮ ಮನೆ ಕಡಲಿಗೆ ಹತ್ತಿರ. ಐವತ್ತರ ದಶಕ ಮುಗಿಯುತ್ತಿದ್ದ ಆ ಬೇಸಿಗೆಯಲ್ಲಿ, ಕಾರ್ಕಳದ ಶಾಲೆಯೊಂದರಲ್ಲಿ ಟೀಚರಾಗಿದ್ದ ನಾನು ರಜೆಗೆ ಬಂದಿದ್ದೆ. ಮಳೆಗಾಲಕ್ಕೆಂದು ಅಮ್ಮ ಅಂಗಳದಲ್ಲಿ ಒಣಗಲು ಹರಡುತ್ತಿದ್ದ ಬಂಗುಡೆ ಮೀನಿನಲ್ಲಿ ಅರ್ಧ ಕಾಗೆಗಳ ಪಾಲಾಗುತ್ತಿತ್ತು. ದಿನವಿಡೀ ಕೋಲು ಹಿಡಿದು ಕೂತು ಅವಳ ಸೊಂಟ ಬಿದ್ದುಹೋಗಿತ್ತು. “ಒಣಮೀನು ಬೇಕು ನಿಮಗೆ, ಕಾಯಲಿಕ್ಕೆ ಮಾತ್ರ ನಾನು” ಎಂದು ಅಪ್ಪನಿಗೆ ಚುಚ್ಚುತ್ತಿದ್ದಳು. ಅಪ್ಪ ಎದುರಾಡುವ ಜನವಲ್ಲ. ಒಂದು ದಿನ ಉಡುಪಿಗೆ ಹೋದವರು ಹೊಸ ಏರ್‌ಗನ್ ಹಿಡಿದುಕೊಂಡು ಬಸ್ಸಿನಿಂದ ಇಳಿದರು.

ಹೊಸ ಕೋವಿಯನ್ನು ತಂದ ಕೂಡಲೇ ಹೊಡೆಯುವಂತಿಲ್ಲವಂತೆ. ಗುಂಡು ಹೊರಡುವ ನಳಿಗೆಯೊಳಗೆ ಕಾರ್ಖಾನೆಯ ಗ್ರೀಸು ಮೆತ್ತಿಕೊಂಡಿರುತ್ತದೆ. ಅಪ್ಪ ಮನೆಯೆದುರಿನ ಚಾವಡಿಯಲ್ಲಿ ಕೂತು ನಳಿಗೆಯನ್ನು ಬುಡದ ಕೀಲಿನಲ್ಲಿ ಬಗ್ಗಿಸಿ, ಗಟ್ಟಿ ದಾರದ ತುದಿಗೆ ಬಟ್ಟೆಯ ಚೂರು ಕಟ್ಟಿ, ಆ ಬಾಯಿಂದ ಈ ಬಾಯಿಗೆ ಎಳೆಯುತ್ತಿದ್ದರು. ಚೂರು ಹರಿದು ಕೊಡುತ್ತಿದ್ದವಳು ಅಮ್ಮ. ಬಟ್ಟೆ ಅವಳದೇ ಹಳೆಯ ಸೀರೆ. ಮೊದಲು ಕಪ್ಪಗೆ ಬಂತು, ಆಮೇಲೆ ಕಂದಾಗಿ ಬಂತು. ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಬಿಡಬಾರದು. ಅವರಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ನಳಿಗೆಯೊಳಗೆ ಎಣ್ಣೆ ಬೇಡವೆಂದು ಅಂಗಡಿಯವನು ಹೇಳಿ ಕಳಿಸಿದ್ದ. ಅಮ್ಮ ಕೇಳಬೇಕಲ್ಲ? ಕಡಲ ಗಾಳಿಗೆ ತುಕ್ಕು ಹಿಡಿಯದ ಕಬ್ಬಿಣ ನಮ್ಮಲ್ಲಿಲ್ಲ. ಕತ್ತಿ, ತುರಿಮಣೆ, ಬಾಗಿಲ ಚಿಲಕ, ಎಲ್ಲಕ್ಕೂ ತೆಂಗಿನೆಣ್ಣೆಯೇ ಮದ್ದು. “ಹೊಸತನ್ನು ಎಣ್ಣೆ ಹಾಕದೆ ಇಡುವುದುಂಟಾ?” ಎಂದು, ಅಪ್ಪ ಊಟಕ್ಕೆ ಎದ್ದಾಗ ಧಾರಾಳವಾಗಿ ಹೊಯ್ದಳು. ಊಟ ಮುಗಿಸಿ ಬಂದ ಅಪ್ಪ ತೆಂಗಿನ ಗೆರಟೆಗೆ ಗುರಿಯಿಟ್ಟು ಕೋವಿಯ ಕುದುರೆ ಎಳೆದರು. ಅದು ಜಾತ್ರೆಯ ಗರ್ನಾಲು ಪಟಾಕಿಯ ಹಾಗೆ ಸಿಡಿಯಿತು, ಬಾಯಿಂದ ಹೊಗೆ ಬಂತು. ಒಳಗಿಳಿದ ಎಣ್ಣೆ ಗಾಳಿಯ ಒತ್ತಡಕ್ಕೆ ಹೊತ್ತಿಕೊಂಡಿತ್ತೆಂದು ಆಮೇಲೆ ಗೊತ್ತಾಯಿತು. ಊರಿನ ಕಾಗೆಗಳೆಲ್ಲ ಒಮ್ಮೆಲೇ ಎದ್ದವು. ಹೆದರಿ ಕುಸಿದು ಕೂತ ಅಮ್ಮ ಮತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಇನ್ನು ಬರುವುದಿಲ್ಲ ನೋಡಿ ಅವು” ಅಂದಳು.

ನಳಿಗೆಯನ್ನು ಮೊದಲಿನಿಂದ ಒರಸುವ ಕೆಲಸ ಬಿತ್ತು. ಒರಸಿದ ಮೇಲೂ ಅದು ಪಳಗಬೇಕು. ಮೊದಮೊದಲು ಗುಂಡು ಗೆರಟೆಯ ಅತ್ತಿತ್ತ ಹೋಗುತ್ತಿತ್ತು. ದಿನವೂ ಹೊಡೆದು, ನಡುನಡುವೆ ಬಟ್ಟೆ ಎಳೆದು, ಮತ್ತೆ ಹೊಡೆದು, ಕೊನೆಗೆ ಇಟ್ಟ ಗುರಿಗೆ ತಾಗತೊಡಗಿತು. ಪಳಗಿದ ಕೋವಿಯಿಂದ ಅಪ್ಪ ಒಂದು ಕಾಗೆಯನ್ನು ಕೆಡವಿ, ಉಳಿದವು ಹೆದರಲೆಂದು ಅಂಗಳದ ಕೋಲಿಗೆ ತೂಗಹಾಕಿದರು. ಮೀನು ನಿಶ್ಚಿಂತೆಯಿಂದ ಒಣಗಿತು. ಅಪ್ಪನ ತಲೆ ಕಂಡರೆ ಸಾಕು, ನೆರೆಮನೆಯ ಮರದ ಕಾಗೆಗಳೂ ಹಾರಿಹೋಗುತ್ತಿದ್ದವು. ಅಮ್ಮನಿಗೆ ಅದು ದೊಡ್ಡ ಹೆಮ್ಮೆ.

ಮಳೆ ಹಿಡಿಯುವ ಮೊದಲೇ ಅವಳು ಜ್ವರದಲ್ಲಿ ಹೋಗಿಬಿಟ್ಟಳು. ಒಣಮೀನನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ಬೊಜ್ಜದ ದಿನ ಅಮ್ಮನ ತಮ್ಮ, ನನ್ನ ಮಾವ, ಬಾಳೆಲೆಯಲ್ಲಿ ಅನ್ನ ಬಡಿಸಿ ಅಂಗಳದ ತುದಿಯಲ್ಲಿಟ್ಟು ‘ಕಾ ಕಾ’ ಎಂದು ಕರೆದರು. ಒಂದೂ ಬರಲಿಲ್ಲ. ಕಾಗೆ ಮುಟ್ಟದೆ ನೆಂಟರು ಊಟಕ್ಕೆ ಕೂರುವಂತಿಲ್ಲ. ಹೋದವರ ಆಸೆ ಏನಾದರೂ ಉಳಿದಿದ್ದರೆ ಹೀಗಾಗುತ್ತದೆ, ಅದನ್ನು ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು ಎಂದು ಹಿರಿಯರು ಹೇಳಿದರು. ಮಾವ ನನ್ನ ಕಡೆ ತಿರುಗಿದರು.

“ಅಕ್ಕನಿಗೆ ನಿನ್ನದೇ ಚಿಂತೆ ಇದ್ದದ್ದು. ಮದುವೆಗೆ ಒಪ್ಪಿದೆ ಅಂತ ಹೇಳಿಬಿಡು ಮಾರಾಯ್ತಿ, ಈಗ ಬರುತ್ತದೆ.”

ನನಗೆ ಮೈಯೆಲ್ಲ ಉರಿಯಿತು. “ನನ್ನ ಮದುವೆಯಿಂದ ಕಾಗೆಗೆ ಎಂತ ಆಗಬೇಕು ಮಾವ?” ಎಂದೆ. ಆದರೂ ಅಮ್ಮ ಹಸಿದುಕೊಂಡು ಎಲ್ಲೋ ಕೂತಿದ್ದಾಳೆಂಬ ಯೋಚನೆಯನ್ನು ತಡೆಯಲಾಗಲಿಲ್ಲ. ಒಪ್ಪಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಆ ಮಾತಿಗೆ ಕಟ್ಟುಬಿದ್ದು ಮುಂದೆ ಮದುವೆಯಾದದ್ದೂ ಹೌದು. ಕಾಗೆ ಮಾತ್ರ ಬರಲಿಲ್ಲ.

ಅಷ್ಟು ಹೊತ್ತೂ ಕೈಕಟ್ಟಿ ಎಲೆಯ ಹತ್ತಿರವೇ ನಿಂತಿದ್ದ ಅಪ್ಪ ಮೆಲ್ಲಗೆ, “ಮಗಳಿಗೆ ಯಾಕೆ ಹೇಳುವುದು ಭಾವ? ನಾನು ಇಲ್ಲಿ ನಿಂತಿದ್ದೇನಲ್ಲ, ಅದಕ್ಕೆ ಬರುವುದಿಲ್ಲ ಅವು” ಎಂದರು. ಅಂಗಳ ದಾಟಿ ಹೋಗಿ ಬಚ್ಚಲುಮನೆಯನ್ನು ಹೊಕ್ಕು ಬಾಗಿಲು ಹಾಕಿಕೊಂಡರು.

ತುಂಬ ಹೊತ್ತಿನ ಮೇಲೆ ಒಂದು ಕಾಗೆ ತೆಂಗಿನ ಗರಿಯಿಂದ ಇಳಿಯಿತು. ಕತ್ತು ಓರೆ ಮಾಡಿ ಚಾವಡಿಯನ್ನು ನೋಡಿತು. ಆಮೇಲೆ ಅನ್ನಕ್ಕೆ ಬಾಯಿ ಹಾಕಿತು. ನೆಂಟರು ಊಟಕ್ಕೆ ಎದ್ದರು. ನಾನು ಬಚ್ಚಲಿನ ಬಾಗಿಲ ಬಳಿ ಹೋದೆ.

“ಬಂದಳಾ?” ಒಳಗಿನಿಂದ ಅಪ್ಪ ಕೇಳಿದರು.

“ಬಂದಿದ್ದಾಳೆ ಅಪ್ಪ, ಉಣ್ಣುತ್ತಾ ಇದ್ದಾಳೆ. ಬಾಗಿಲು ಸ್ವಲ್ಪ ಸರಿಸಿ, ಕಾಣುತ್ತದೆ.”

“ಬೇಡ. ನನ್ನನ್ನು ಕಂಡರೆ ಎದ್ದುಹೋಗುತ್ತಾಳೆ. ಹೊಟ್ಟೆ ತುಂಬ ಉಣ್ಣಲಿ.”