ಕಂಟ್ರೋಲರಿಗೆ ಒಡೆದ ಕಾಯಿ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಬನಹಟ್ಟಿಯಲ್ಲಿ ನನ್ನ ಕೈಯಲ್ಲಿ ಕಲಿತವರು ಇಲ್ಲದ ಓಣಿ ಇಲ್ಲ. ಪಾಲಕರ ಸಭೆಯಲ್ಲಿ ಮೈಕು ಸಿಕ್ಕರೆ ಸಾಕು, ಮಕ್ಕಳಿಗೆ ಗೇಮಿನ ಚಟ ಹತ್ತಿದರೆ ಮನೆ ಹಾಳಾದಂತೆಯೇ ಎಂದು ಅರ್ಧ ತಾಸು ಕೊರೆಯುತ್ತೇನೆ. ಇಂಥ ನಾನು ಸಂಜೆ ಮನೆಗೆ ಬಂದು, ಚಹಾ ಕುಡಿದು, ಒಳಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತೇನೆ. ವಯಸ್ಸು ಐವತ್ತೆರಡು. ಇದು ಗೊತ್ತಿದ್ದದ್ದು ನನ್ನ ಹೆಂಡತಿಗೆ ಮತ್ತು ಹುಬ್ಬಳ್ಳಿಯಲ್ಲಿ ಓದುವ ಮಗಳಿಗೆ ಮಾತ್ರ. ಇಬ್ಬರೂ ಬಾಯಿ ಬಿಡುವವರಲ್ಲ, ಆದರೆ ನಗುವುದನ್ನೂ ಬಿಡುವವರಲ್ಲ.

ಆಡಲು, ಎರಡೂ ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಒಂದು ಕಂಟ್ರೋಲರ್ ಇತ್ತು. ಬೆಳಗಾವಿಯಲ್ಲಿ ಹಳೆಯದನ್ನೇ ಕೊಂಡಿದ್ದೆ. ಮೊದಲು ಅದನ್ನು ಇಟ್ಟುಕೊಂಡಿದ್ದವರು ಯಾರೋ ಭಾರಿ ಶೋಕಿಯವರು ಇರಬೇಕು. ಮೂಲದ ಕರಿ ಕವಚ ತೆಗೆದು ಒಳಗಿನದೆಲ್ಲ ಕಾಣುವ ತೆಳು ಪ್ಲಾಸ್ಟಿಕ್ಕಿನ ಕವಚ ಕೂಡಿಸಿದ್ದರು, ಬಲಗಡೆಯ ನಾಲ್ಕು ಗುಂಡಿಗಳ ಅಡಿಗೆ ನಾಲ್ಕು ಎಲ್‌ಇಡಿ ದೀಪ ಹಾಕಿದ್ದರು. ನನಗೆ ಆಟಕ್ಕಿಂತ ಆ ದೀಪಗಳ ಮೇಲೆ ಜೀವ. ಈ ವರ್ಷ ಭಾದ್ರಪದ ಮುಗಿಯುವ ಹೊತ್ತಿಗೆ ಅವು ಒಂದೊಂದಾಗಿ ಆರಿಹೋದವು. ಡಯೋಡಿನ ಪಾಠವನ್ನು ವರ್ಷಕ್ಕೆ ಮೂರು ಕ್ಲಾಸಿಗೆ ಹೇಳುತ್ತೇನೆ, ನಾನೇ ಬದಲಿಸಬಹುದಿತ್ತು. ಆದರೆ ಚಾಳೀಸು ಬಂದ ಕಣ್ಣಿಗೆ ಅಕ್ಕಿನುಚ್ಚಿನಷ್ಟು ಸಣ್ಣ ದೀಪ ಎಲ್ಲಿ ಕಾಣಬೇಕು? ಮಾರ್ಕೆಟ್ಟಿನ ಮೊಬೈಲ್ ರಿಪೇರಿ ಅಂಗಡಿಗೆ ಒಯ್ದೆ. "ಮಗಳದು," ಎಂದೆ. ಮೊದಲ ಸುಳ್ಳು ಅದು, ಕೇಳುವ ಮೊದಲೇ ಹೇಳಿದ್ದು.

ಅಂಗಡಿಯ ರಿಪೇರಿ ಮೇಜಿಗೆ ಆಗ ಒಬ್ಬ ಹೆಣ್ಣುಮಗಳು ಹೊಸದಾಗಿ ಬಂದು ಕೂತಿದ್ದಳು. ಮೂವತ್ತರ ಆಸುಪಾಸು. ಅಂಗಡಿಯ ಸಾವಕಾರರು ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿ ಹೇಳಿದರು: "ಮಗ್ಗದಾಗ ಕೆಚ್ಚೂ ಕೆಲಸಾ ಮಾಡ್ತಿದ್ಲರಿ ಸರ. ಕೈ ಭಾಳ ಸೂಕ್ಷ್ಮ. ದಸರಾತನ ನೋಡ್ತೇನಿ, ಗಿರಾಕಿ ಒಪ್ಪಿದ್ರ ಕಾಯಂ ಮಾಡ್ಕೋತೇನಿ."

ಕೆಚ್ಚುವುದೆಂದರೆ ಮಗ್ಗದ ಮೇಲೆ ಹಳೆಯ ಹಾಸು, ಅಂದರೆ ಉದ್ದೆಳೆಗಳ ಸಾಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಜೋಡಿಸುವುದು. ಸಾವಿರಾರು ಎಳೆ, ಬೆರಳ ತುದಿಯಿಂದಲೇ ಹೊಸೆಯಬೇಕು. ನಮ್ಮೂರ ಹೆಣ್ಣುಮಕ್ಕಳು ತಲೆತಲಾಂತರದಿಂದ ಬೆನ್ನು ಬಗ್ಗಿಸಿ ಅದನ್ನೇ ಮಾಡುತ್ತ ಬಂದಿದ್ದಾರೆ. ಈಕೆ ಆ ಬೆರಳುಗಳನ್ನು ಚಿಮಟಕ್ಕೂ ಬೆಸುಗೆ ಕಡ್ಡಿಗೂ ಒಗ್ಗಿಸಿಕೊಂಡಿದ್ದಳು. ಭೂತಗನ್ನಡಿಯ ಕೆಳಗೆ ಹಳೆಯ ದೀಪ ಕಿತ್ತು, ಹೊಸದರ ತಲೆ ಯಾವುದು ಬಾಲ ಯಾವುದು ನೋಡಿ, ಉಸಿರು ಬಿಗಿಹಿಡಿದು ಕೂರಿಸಿದಳು. ಅರ್ಧ ತಾಸಿನಲ್ಲಿ ನಾಲ್ಕೂ ನನ್ನ ಕಣ್ಣೆದುರು ಹತ್ತಿದವು. ಕೊಡುವಾಗ ಗುಂಡಿಯ ಹತ್ತಿರ ಬೆರಳಿಟ್ಟು ತೋರಿಸಿದಳು.

"ಸರ, ಇಲ್ಲಿ ಕವಚ ಸೀಳೇತ್ರಿ. ನೀರು ಗೀರು ತಾಗಲಾರದಂಗ ನೋಡ್ಕೋಬೇಕಂತ ಮಗಳಿಗೆ ಹೇಳ್ರಿ."

"ಇದನ್ನೇನು ಜಳಕಕ್ಕ ಒಯ್ತಾರೇನವಾ?" ಎಂದು ನಕ್ಕು ಹೊರಬಿದ್ದೆ. ಅವಳೂ ನಕ್ಕಳು.

ವಾರದಲ್ಲಿ ಮಹಾನವಮಿ ಬಂತು, ಖಂಡೆ ಪೂಜೆ. ನಮ್ಮ ಕಡೆ ಅವತ್ತು ಮಗ್ಗದಿಂದ ಹಿಡಿದು ಈಳಿಗೆಮಣೆಯವರೆಗೆ ದುಡಿಯುವ ಸಾಮಾನಿಗೆಲ್ಲ ಪೂಜೆ. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವುದಿಲ್ಲ. ನಾನು ಬೈಕು, ಹೊಲಿಗೆ ಮಷಿನ್ನು, ನನ್ನ ಮಲ್ಟಿಮೀಟರು, ಕಂಪಾಸ ಪೆಟ್ಟಿಗೆ ಎಲ್ಲ ಸಾಲಾಗಿ ಇಟ್ಟೆ. ಹೆಂಡತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಕ್ಕಳು.

"ಎಲ್ಲಾ ಇಟ್ರಿ. ನಿಮ್ಮ ಖರೇ ಆಯುಧ ಒಳಗ ಉಳೀತಲ್ರಿ."

ಅವಳು ಚೇಷ್ಟೆಗೆ ಅಂದದ್ದು. ನನಗೆ ಮಾತ್ರ ಹೌದಲ್ಲ ಎನ್ನಿಸಿತು. ಹೋಗಿ ಕಂಟ್ರೋಲರ್ ತಂದು ಮಲ್ಟಿಮೀಟರಿನ ಪಕ್ಕ ಇಟ್ಟೆ. ವಿಭೂತಿಯನ್ನು ನೀರಲ್ಲಿ ಕಲೆಸಿ ಅದರ ಮೇಲೂ ಮೂರು ಬೆರಳು ಎಳೆದೆ, ಕುಂಕುಮ ಹಚ್ಚಿದೆ, ಚೆಂಡುಹೂವು ಏರಿಸಿದೆ. ಕಾಯಿ ಒಡೆದು ಎರಡೂ ಹೋಳಿನ ನೀರನ್ನು ಎಲ್ಲದರ ಮೇಲೆ ಕೈತುಂಬ ಚಿಮುಕಿಸಿದೆ. ಬೈಕಿಗೆ ಹೇಗೋ ಇದಕ್ಕೂ ಹಾಗೆಯೇ. ಕವಚ ಸೀಳಿದ ಮಾತು ಆಗ ನನ್ನ ತಲೆಯಲ್ಲಿ ಎಳ್ಳಷ್ಟೂ ಇರಲಿಲ್ಲ. ಆಮೇಲೆ ಪೂಜೆಯ ಕಟ್ಟಳೆಯಂತೆ ಒಂದು ಹಗಲು ಒಂದು ರಾತ್ರಿ ಅದನ್ನು ಒರೆಸದೆ ಮುಟ್ಟದೆ ಬಿಟ್ಟೆ.

ಬನ್ನಿ ಹಂಚಿ, ಬಂಗಾರದಂತೆ ಇರೋಣ ಎಂದು ಊರವರಿಗೆಲ್ಲ ಕೈಮುಗಿದು ಬಂದು, ಕಂಟ್ರೋಲರ್ ಒರೆಸಿ ಹಚ್ಚಿದರೆ ಎರಡು ದೀಪ ಸತ್ತಿದ್ದವು. ಮೂರನೆಯದು ಮಿಣುಕು. ನಾಲ್ಕನೆಯದು ಆರಿಸಿದರೂ ಆರಲೊಲ್ಲದು. ನನ್ನ ಸಿಟ್ಟು ನಮ್ಮ ಮನೆತನದ್ದು, ಮೂಗಿನ ತುದಿಗೇ ಇರುತ್ತದೆ. ಬಂಗಾರದಂತೆ ಇರೋಣ ಎಂದ ಬಾಯಿ ಇನ್ನೂ ಆರಿರಲಿಲ್ಲ, ಮರುದಿನ ಅಂಗಡಿ ತೆರೆಯುತ್ತಲೇ ಹೋಗಿ ನಿಂತೆ.

ಅಂಗಡಿಯಲ್ಲಿ ಆರೇಳು ಗಿರಾಕಿಗಳಿದ್ದರು, ಮೂವರು ನನ್ನ ವಿದ್ಯಾರ್ಥಿಗಳ ಅಪ್ಪಂದಿರು. ಮಂದಿ ಇದ್ದದ್ದಕ್ಕೇ ನನ್ನ ದನಿ ಏರಿತೆಂದು ಈಗ ಅನ್ನಿಸುತ್ತದೆ.

"ಏನ್ ಕೆಲಸಾ ಮಾಡೀಯವಾ ನೀ? ಹತ್ತ ದಿವಸ ಬಾಳಲಿಲ್ಲಲ್ಲ!"

ಅವಳು ಎದ್ದು ನಿಂತಳು. "ಸರ, ನಿಮ್ಮ ಕಣ್ಣ ಮುಂದನ ನಾಕೂ ಹತ್ತಿದ್ವಲ್ರಿ. ಕೊಡ್ರಿ, ಇಲ್ಲೇ ಬಿಚ್ಚಿ ನೋಡೂಣು. ಎರಡ ನಿಮಿಷ ಸಾಕು."

"ಮತ್ತ ನಿನ್ನ ಕೈಯಾಗ ಕೊಡಾಕ ನನಗೇನು ಹುಚ್ಚ ಹಿಡದೈತೇನು? ಎಳಿ ಹೊಸಿಯೂ ಕೈಗೆ ಬೆಸಿಗಿ ಕಡ್ಡಿ ಕೊಟ್ರ ಇದ ಆಗೂದು. ಹೋಗಿ ಮಗ್ಗದ ಹಿಂದ ಕುಂಡ್ರು, ಹೋಗು."

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಅವಳು ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಸಾವಕಾರರ ಕಡೆ ನೋಡಿ, "ಒಮ್ಮೆ ಬಿಚ್ಚಿ ನೋಡ್ಲಿರಿ ಸಾವಕಾರ್ರ," ಎಂದಳು. ಅವರು ನನ್ನ ಮುಖ ನೋಡಿದರು, ಗಿರಾಕಿಗಳ ಮುಖ ನೋಡಿದರು.

"ನೀ ಇನ್ನ ಬರೂದ ಬ್ಯಾಡವಾ. ಸರ ಸುಳ್ಳ ಹೇಳೂ ಮಂದಿ ಅಲ್ಲ," ಎಂದರು.

ಅವಳು ತನ್ನ ಊಟದ ಡಬ್ಬಿ ತೆಗೆದುಕೊಂಡು ಮೆಟ್ಟಿಲು ಇಳಿದು ಹೋದಳು. ನನಗೆ ಆಗ, ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ನಮೂನೆ ಗೆದ್ದ ಖುಷಿ ಆಗಿತ್ತು.

ದಸರೆಯ ರಜೆ ಇತ್ತು. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಮೇಜಿನ ಮೇಲೆ ಕೆಂಪಿರುವೆಯ ಸಾಲು. ಗೋಡೆಯಿಂದ ಇಳಿದು, ಪುಸ್ತಕ ದಾಟಿ, ಕಂಟ್ರೋಲರಿನ ಸೀಳಿನೊಳಗೆ ಹೋಗುತ್ತಿತ್ತು, ಬರುತ್ತಿತ್ತು. ಎಲ್‌ಇಡಿಯಲ್ಲಿ ಇರುವೆಗೆ ಏನು ಕೆಲಸ? ಸ್ಕ್ರೂ ಬಿಚ್ಚಿದೆ. ಒಂದರ ಮೇಲೊಂದು ಎರಡು ಕನ್ನಡಕ ಇಟ್ಟುಕೊಂಡು ಮಲ್ಟಿಮೀಟರಿನ ವಯರಿನ ತುದಿಯ ಮುಳ್ಳು ಹಿಡಿದು ಒಂದೊಂದೇ ದೀಪಕ್ಕೆ ತಾಗಿಸಿದೆ. ನಾಲ್ಕೂ ಹತ್ತಿದವು. ಸತ್ತಿವೆ ಎಂದುಕೊಂಡಿದ್ದ ಎರಡೂ ಹತ್ತಿದವು. ದೀಪ ಸರಿ, ಬೆಸುಗೆ ಸರಿ, ತಲೆಬಾಲ ಸರಿ. ನನ್ನ ಕ್ಲಾಸಿನಲ್ಲಿ ಯಾವ ಹುಡುಗನೂ ಅಷ್ಟು ಚೊಕ್ಕ ಕೆಲಸ ಮಾಡಿ ತೋರಿಸಿಲ್ಲ.

ಆಮೇಲೆ ಒಂದಕ್ಕೊಂದು ಸಂಬಂಧವೇ ಇರಬಾರದ ಎರಡು ತಂತಿದಾರಿಗಳ ನಡುವೆ ಮುಳ್ಳಿಟ್ಟೆ. ಅಲ್ಲಿ ಕರೆಂಟು ಸೋರುತ್ತಿತ್ತು. ಭೂತಗನ್ನಡಿ ಹಿಡಿದರೆ ಗುಂಡಿಯ ಬುಡದಲ್ಲಿ ಕಂದು ಅಂಟು, ಅದರ ಮೇಲೆ ಬೆಳ್ಳಗೆ ಗಟ್ಟಿಯಾದ ವಿಭೂತಿ, ಅದರ ಕೆಳಗೆ ತಾಮ್ರದ ಒಂದು ಗೆರೆ ಹಸಿರು ತಿರುಗಿ ತುಂಡಾಗಿತ್ತು. ಮೂಗಿಗೆ ಹಿಡಿದೆ. ಹಳಸಿದ ಕಾಯಿನೀರಿನ ವಾಸನೆ.

ಉಪ್ಪು ಸೇರಿದ ನೀರು ವಿದ್ಯುತ್ತನ್ನು ಹರಿಯಬಿಡುತ್ತದೆ ಎಂದು ಇಪ್ಪತ್ತಾರು ವರ್ಷದಿಂದ ಬೀಕರು ಬಲ್ಬು ಇಟ್ಟು ತೋರಿಸುತ್ತ ಬಂದವನು ನಾನು. ಇರುವೆಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಸ್ಪಿರಿಟ್ಟಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿದೆ, ತುಂಡಾದ ಗೆರೆಗೆ ವಯರಿನ ಒಂದು ಎಳೆ ತಂದು ಜೋಡಿಸಿದೆ. ಆ ಒಂದು ಎಳೆಗೆ ನನಗೆ ಎರಡು ತಾಸು ಹಿಡಿಯಿತು. ನಾಲ್ಕು ದೀಪವೂ ಹತ್ತಿದಾಗ ನೋಡಲು ಧೈರ್ಯ ಆಗಲಿಲ್ಲ, ಆರಿಸಿಬಿಟ್ಟೆ.

"ಹೋಗಿ ಹೇಳ್ರಿ," ಎಂದಳು ಹೆಂಡತಿ. ಈ ಸಲ ನಗಲಿಲ್ಲ.

ರಿಪೇರಿಯ ಹೆಣ್ಣುಮಗಳು ತಿರುಗಿ ಕೆಚ್ಚುವ ಕೆಲಸಕ್ಕೆ ಹೋಗಿದ್ದಾಳೆಂದು ತಿಳಿಯಿತು. ರಬಕವಿ ರಸ್ತೆಯ ಒಂದು ಶೆಡ್ಡು. ನಾನು ಹೋದಾಗ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ಅವಳೊಬ್ಬಳೇ ಮಗ್ಗದ ಹಿಂದೆ ಕುಕ್ಕರಗಾಲಲ್ಲಿ ಕೂತು ಎಳೆಗೆ ಎಳೆ ಹೊಸೆಯುತ್ತಿದ್ದಳು. ಕೆಚ್ಚುವುದಕ್ಕೆ ಕರೆಂಟು ಬೇಕಿಲ್ಲ. ನಾನು ಪಕ್ಕದಲ್ಲಿ ಬಗ್ಗಿ ಹೇಳಿದೆ, ತಪ್ಪು ನಿನ್ನದಲ್ಲವ್ವ, ಮನೆಯಲ್ಲಿ ಖಂಡೆ ಪೂಜೆಗೆ ಇಟ್ಟಿದ್ದರು, ಕಾಯಿನೀರು ಒಳಗೆ ಹೋಗಿತ್ತು. ಇಟ್ಟಿದ್ದೆ ಎನ್ನಲಿಲ್ಲ, ಇಟ್ಟಿದ್ದರು ಎಂದೆ. ಅಲ್ಲಿಯೂ ಹೆಂಡತಿ ಮಗಳ ಹಿಂದೆ ಅಡಗಿ ನಿಂತೆ.

ಅವಳು ಕೈಯಲ್ಲಿದ್ದ ಎಳೆ ಮುಗಿಸಿದ ಮೇಲೆಯೇ ತಲೆ ಎತ್ತಿದ್ದು.

"ನನ್ನ ಮುಂದ ಯಾಕ ಹೇಳ್ತೀರಿ ಸರ? ನಾ ತಪ್ಪ ಮಾಡಿಲ್ಲಂತ ನನಗ ಅವತ್ತ ಗೊತ್ತಿತ್ತು. ಬೈದದ್ದು ಅಷ್ಟ ಮಂದಿ ಮುಂದರಿ. ತಪ್ಪಾತು ಅನ್ನೂದು ಇಲ್ಲಿ ಮಗ್ಗದ ಸಂದ್ಯಾಗೇನ್ರಿ? ಅಲ್ಲಿ ಹೇಳ್ರಿ. ಸಾವಕಾರ್ರು ನನ್ನ ಜಾಗಾಕ್ಕ ಇನ್ನಾ ಯಾರನ್ನೂ ಕೂಡಿಸಿಲ್ಲಂತ."

"ಹೇಳ್ತೇನವಾ. ಇವತ್ತ ಹೇಳ್ತೇನಿ."

ಖರೆ ಹೇಳಬೇಕೆಂದೇ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ: ಕಂಟ್ರೋಲರ್ ನನ್ನದು, ಆಡುವವನು ನಾನು, ಪೂಜೆಗೆ ಇಟ್ಟವನು ನಾನು, ಕಾಯಿನೀರು ಹಾಕಿದವನು ನಾನು. ನಾಲ್ಕೇ ಮಾತು. ಅಂಗಡಿಯಲ್ಲಿ ಅವಳ ಕುರ್ಚಿ ಖಾಲಿ ಇತ್ತು. ಮೇಜಿನ ಮೇಲೆ ಬಿಚ್ಚಿಟ್ಟ ಮೊಬೈಲುಗಳು ಹಾಗೆಯೇ ಬಿದ್ದಿದ್ದವು. ಅವತ್ತು ಇದ್ದ ಅಪ್ಪಂದಿರಲ್ಲಿ ಒಬ್ಬರು ಇವತ್ತೂ ಇದ್ದರು, ಬೇರೆ ಮೂವರು ಇದ್ದರು.

"ಸಾವಕಾರ್ರ, ಅವತ್ತಿಂದು..." ಎಂದು ಶುರು ಮಾಡಿದೆ. "ಅದು ಸ್ವಲ್ಪ ನಮ್ಮ ಕಡಿಂದನೂ ಆಗಿತ್ತರಿ. ತೇವಾ ತಾಗಿತ್ತು."

ಅಷ್ಟರಲ್ಲಿ ಆ ಅಪ್ಪ ನಗುತ್ತ ಹತ್ತಿರ ಬಂದರು. "ಗೇಮಿಂದ ಸಾಮಾನು ಅಲ್ರಿ ಅದು? ನೀವ ಸಭಾದಾಗ ಅಷ್ಟ ಬೈತೀರಿ, ನಿಮ್ಮ ಮನ್ಯಾಗೂ ಆಡ್ತಾರೇನ್ರಿ ಸರ?"

ಎಲ್ಲರೂ ನನ್ನ ಕಡೆ ತಿರುಗಿದರು. "ಏನ್ ಮಾಡೂದ್ರಿ, ಈಗಿನ ಹುಡುಗರು," ಎಂದೆ. ಎಲ್ಲರೂ ಹೌದೌದು ಎಂದು ನಕ್ಕರು. ನಾನೂ ನಕ್ಕೆ.

ಸಾವಕಾರರು ಮಾತನ್ನು ಬಿಟ್ಟಿರಲಿಲ್ಲ. "ಹಂಗಾರ ನಿಮ್ಮ ಕಡೆ ಅರ್ಧಾ, ಆಕಿ ಕಡೆ ಅರ್ಧಾ ಅನ್ರಿ ಸರ."

ಒಂದು ಗಳಿಗೆ ಸಿಕ್ಕಿತ್ತು ನನಗೆ. ಇಲ್ಲ ಎನ್ನಲು ಒಂದೇ ಗಳಿಗೆ ಸಾಕಿತ್ತು.

"ಹಂಗ ಅನ್ನಬೇಕ್ರಿ," ಎಂದೆ.

"ಅರ್ಧಾ ಆದ್ರೂ ತಪ್ಪ ತಪ್ಪನ ಅಲ್ರಿ. ಸೂಕ್ಷ್ಮ ಕೆಲಸಾ ಇದು. ಮಹಾಲಿಂಗಪುರದಾಂವ ಒಬ್ಬಾಂವ ಈ ಜಾಗಾ ಕೇಳಾಕತ್ತಾನ, ಅವಗ ಬಾ ಅಂತೇನಿ ಆತು." ಮೊಬೈಲು ತೆಗೆದು ನನ್ನೆದುರಿಗೇ ಅವನಿಗೆ ಫೋನು ಹಚ್ಚಿದರು. ನಾನು ನಿಂತು ಕೇಳಿದೆ.

ಮನೆಗೆ ಬಂದು ಹೆಂಡತಿಗೆ ಏನು ಹೇಳಿದೆನೋ ಬರೆಯಲಾರೆ. ಸಂಜೆ ಕಾಯಿಪಲ್ಯೆ ತರಲು ಹೋದಾಗ ಆ ಹೆಣ್ಣುಮಗಳು ಶೆಡ್ಡಿನಿಂದ ಮನೆಗೆ ಹೊರಟವಳು ಎದುರಾದಳು. ತಲೆಗೂದಲ ಮೇಲೆಲ್ಲ ನೂಲಿನ ಧೂಳು. ನನ್ನನ್ನು ಕಂಡು ನಿಂತಳು.

"ಹೇಳಿದ್ರೇನ್ರಿ ಸರ?"

"ಹೇಳೇನವಾ."

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

ಅವಳ ಮುಖ ಅರಳಿತು. ಕೈಯಲ್ಲಿದ್ದ ಡಬ್ಬಿ ಕಂಕುಳಿಗೆ ಇರುಕಿ, ಆ ಎರಡೂ ಕೈ ಜೋಡಿಸಿ ನನಗೆ ಮುಗಿದಳು.

"ನಿಮ್ಮಂಥಾ ದೊಡ್ಡವರು ಹೇಳಿದ್ರ ಆತ್ರಿ. ನಾಳೆ ಶೆಡ್ಡಿಗೆ ಬರಂಗಿಲ್ಲಂತ ಹೇಳಿಬಿಡ್ತೇನಿ. ಮುಂಜಾನೆ ಅಂಗಡಿ ತೆಗಿಯೂದ್ರಾಗ ಹೋಗಿ ಕುಂಡ್ರತೇನಿ."

ನಾನು "ಹೋಗವಾ" ಎಂದೆ.