ದೊಡ್ಡವ್ವನ ಹೆಬ್ಬೆರಳು

ದೊಡ್ಡವ್ವನ ಬಲಗೈ ಹೆಬ್ಬೆರಳು ಆಡಿನ ಕೊಂಬಿನ ಹಾಗೆ ಹಿಂದಕ್ಕೆ ತಿರುಗಿತ್ತು. ರೊಟ್ಟಿ ಬಡಿಯುವಾಗ ಅದೊಂದು ಹಿಟ್ಟಿಗೆ ತಾಗದೆ ಮೇಲೆ ನಿಂತಿರುತ್ತಿತ್ತು. ಹುಟ್ಟಿನಿಂದ ಬಂದದ್ದೆಂದು ಮೊಮ್ಮಕ್ಕಳು ತಿಳಿದಿದ್ದವು. ಎಲ್ಲಿಯ ಹುಟ್ಟು! ಅದನ್ನು ಮುರಿದದ್ದು ನನ್ನ ಕಣ್ಣೆದುರಿಗೇ.

ನನ್ನ ಅವ್ವನ ಅಕ್ಕ ಆಕೆ. ಕಾಲುವೆ ನೀರು ತುರ್ವಿಹಾಳದ ಕಡೆ ಹರಿದು ಜೋಳದ ಹೊಲಗಳೆಲ್ಲ ನೆಲ್ಲಿನ ಗದ್ದೆಗಳಾದ ಮೇಲೆ, ಸಸಿ ಹಚ್ಚುವ ನಮ್ಮ ಹೆಣ್ಣಾಳುಗಳ ಗುಂಪಿಗೆ ಆಕೆಯೇ ಮುಂದಾಳು. ಬಾಯಿ ಬಲು ಕೆಟ್ಟದ್ದು, ಕೈ ಅದಕ್ಕಿಂತ ಕೆಟ್ಟದ್ದು. ಸಸಿ ಸಡಿಲ ಊರಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು: "ಅನ್ನ ಬೇ ಅದು, ತೇಲಿ ಬಿಡ್ತಿಯೇನು?" ಒಮ್ಮೆ ಕುಡಿದು ಬಂದು ಹೆಂಡತಿಯನ್ನು ಬಡಿದವನನ್ನು ಕೆಸರಲ್ಲಿ ಕೆಡವಿ ಅವನ ಮೇಲೆ ಕೂತೇ ಎಲೆಅಡಿಕೆ ಹಾಕಿಕೊಂಡಿದ್ದಳು.

ಆ ವರ್ಷ ನಾನು ಬಾಣಂತನ ಮುಗಿಯುವ ಮುಂಚೆಯೇ ಗದ್ದೆಗೆ ಇಳಿದಿದ್ದೆ. ದಿನವಿಡೀ ಬಗ್ಗಿದರೆ ಎರಡು ಸೇರು ಜೋಳ. ಮನೆಯವರೆಲ್ಲ ಉಂಡ ಮೇಲೆ ನನಗೆ ಉಳಿಯುತ್ತಿದ್ದದ್ದು ನೀರುಗಂಜಿ. ಎದೆಯ ಹಾಲು ಬತ್ತಿತು. ಕೂಸು ಅತ್ತೂ ಅತ್ತೂ ದನಿ ಕಳೆದುಕೊಂಡಿತು. ದೊಡ್ಡವ್ವ ನನ್ನ ಎದೆ ಹಿಂಡಿ ನೋಡಿದಳು, ಹನಿಯೂ ಬರಲಿಲ್ಲ. ನೇರ ಗದ್ದೆಯ ಸಾವುಕಾರನ ಮುಂದೆ ಹೋಗಿ ನಿಂತಳು.

"ಮೂರು ಸೇರು ಮಾಡ್ರಿ ಸಾವ್ಕಾರ್ರೆ. ಸರಕಾರನೂ ಕೂಲಿ ಹೆಚ್ಚು ಮಾಡ್ಯಾದಂತ ಹೇಳಾಕತ್ತಾರ."

"ಹಂಗಾರ ಸರಕಾರದ ಗದ್ದಿಗೇ ಹೋಗಿ ಹಚ್ರಿ" ಎಂದು ಆತ ನಕ್ಕ.

ದೊಡ್ಡವ್ವ ತಿರುಗಿ ಬಂದಳು. ದಿನಾ ಅಂದಂದಿಗೆ ಬೇಕಾದಷ್ಟೇ ಸಸಿ ಕೀಳುವುದು ರೂಢಿ, ಕಿತ್ತ ಸಸಿ ಬಿಸಿಲು ತಡೆಯುವುದಿಲ್ಲ. ಮರುದಿನ ಹೊತ್ತು ಮೂಡುತ್ತಲೇ ಬೀಜ ಚೆಲ್ಲಿ ಬೆಳೆಸಿದ್ದ ಮಡಿಯ ಸಸಿಯನ್ನೆಲ್ಲ ನಮ್ಮಿಂದ ಕೀಳಿಸಿದಳು. ಕಟ್ಟುಗಳನ್ನು ಒಣ ಬದುವಿನ ಮೇಲೆ ಒಟ್ಟಿಸಿ, ಪಕ್ಕದಲ್ಲಿ ನಮ್ಮನ್ನೂ ಕೂರಿಸಿದಳು. "ಎದ್ದಾಕಿ ಕಾಲ ಮುರೀತೀನಿ" ಎಂದಳು.

ಬಿಸಿಲು ಏರಿತು, ಸಸಿಯ ತುದಿಗಳು ಜೋತುಬಿದ್ದವು. ಸಾವುಕಾರ ಬಡಿಗೆ ಹಿಡಿದ ಆಳುಗಳನ್ನು ಕರೆದುಕೊಂಡು ಬಂದ.

ಮೊದಲ ಏಟು ದೊಡ್ಡವ್ವನ ಹೆಗಲಿಗೆ. ಆಮೇಲೆ ಸಿಕ್ಕವರ ಕೂದಲು ಹಿಡಿದು ಎಳೆದರು, ಹೊಟ್ಟೆಗೆ ಒದ್ದರು. ಒಬ್ಬಳ ಹಲ್ಲು ಉದುರಿತು, ಇನ್ನೊಬ್ಬಳ ತಲೆ ಒಡೆದು ಸೀರೆಯೆಲ್ಲ ರಕ್ತ. ನಾವೇನು ಸುಮ್ಮನೆ ತಿಂದೆವೇ? ಕಣ್ಣಿಗೆ ಕೆಸರು ಒಗೆದೆವು. ಒಬ್ಬನ ಮುಂಗೈಯನ್ನು ನಾನು ಕಚ್ಚಿ ಹಿಡಿದೆ, ಬಾಯಿ ತುಂಬ ರಕ್ತ ಬಂದರೂ ಬಿಡಲಿಲ್ಲ. ಇವತ್ತಿಗೂ ಅದಕ್ಕಾಗಿ ನನಗೆ ಬೇಸರವಿಲ್ಲ.

ಅಷ್ಟರಲ್ಲಿ ಅವರಲ್ಲೊಬ್ಬ ಬಾಡುವ ಸಸಿಯನ್ನು ನೀರಿಗೆ ಹಾಕಲು ಬಗ್ಗಿದ. ದೊಡ್ಡವ್ವ ಕಟ್ಟುಗಳ ಮೇಲೆ ಬೋರಲು ಬಿದ್ದು ತಬ್ಬಿಕೊಂಡಳು. ಅವನು ಆಕೆಯ ಬೆನ್ನು ತುಳಿದು, ಬಲಗೈ ಹೆಬ್ಬೆರಳು ಹಿಡಿದು ಹಿಂದಕ್ಕೆ ಮಣಿಸಿದ. ಟಕ್ಕೆಂದದ್ದು ನನಗೆ ಕೇಳಿಸಿತು.

"ಮುರಿಯೋ ಭಾಡ್ಯಾ, ಇನ್ನಾ ಒಂಬತ್ತದಾವ!" ಎಂದು ಚೀರಿದಳು. ತಬ್ಬಿದ್ದನ್ನು ಬಿಡಲಿಲ್ಲ.

ಸಾವುಕಾರನ ಕಣ್ಣು ಬಾಡುತ್ತಿದ್ದ ಸಸಿಯ ಮೇಲೇ ಇತ್ತು. ಮತ್ತೆ ಬೀಜ ಚೆಲ್ಲಿ ಸಸಿ ಎಬ್ಬಿಸುವಷ್ಟರಲ್ಲಿ ಹಂಗಾಮು ಮೀರಿ ಗದ್ದೆಯೆಲ್ಲ ಬೀಳು ಬೀಳುತ್ತಿತ್ತು. "ಮೂರು ಸೇರು ತಗೊಂಡು ಸಾಯ್ರಿ!" ಎಂದು ಕಿರುಚಿದ.

"ಮೊದಲ ಅಳೀರಿ" ಎಂದಳು ದೊಡ್ಡವ್ವ, ಬಿದ್ದಲ್ಲಿಂದಲೇ. ಜೋಳದ ಚೀಲ ಬದುವಿಗೆ ಬಂತು. ನಮ್ಮೆಲ್ಲರ ಉಡಿಗೂ ಅಳೆದು ಹಾಕಿದ ಮೇಲೆಯೇ ಎದ್ದಳು. ಮುರಿದ ಕೈಗೆ ಸೆರಗು ಹರಿದು ಸುತ್ತಿಕೊಂಡು, ಎಡಗೈಯಲ್ಲಿ ಸಸಿ ಊರುತ್ತ ಸಂಜೆತನಕ ನಮ್ಮನ್ನು ಬೈದಳು.

ಅವತ್ತು ಹೊತ್ತು ಮುಳುಗಿದ ಮೇಲೆ ನನ್ನ ಪಕ್ಕ ಕೂತು, ಆ ಮೂರನೇ ಸೇರಿನ ರೊಟ್ಟಿ ನಾನೇ ಉಣ್ಣುವಂತೆ ಕಾದಳು. "ಗಂಡಗ ಕೊಟ್ಟಿ ಅಂದ್ರ ನೋಡು ಮತ್ತ!" ಹೀಗೇ ದಿನಾ ಕಾದಳು. ಹಾಲು ಬಂತು, ಕೂಸು ಬದುಕಿತು.

ದೊಡ್ಡವ್ವ ಸತ್ತಾಗ ಆ ಕೂಸಿಗೆ ಮೀಸೆ ಬಂದಿತ್ತು. ಹೆಣದ ಹೆಬ್ಬೆರಳುಗಳನ್ನು ಜೋಡಿಸಿ ದಾರ ಕಟ್ಟುವುದು ನಮ್ಮಲ್ಲಿಯ ಪದ್ಧತಿ. ನನ್ನ ಮಗ ಎಷ್ಟು ಎಳೆದರೂ ಬಲಗೈಯದು ಜೋಡಿಗೆ ಬರಲೊಲ್ಲದು. "ಜೋರು ಹಚ್ಚಿ ಮಣಿಸಪಾ" ಎಂದರು ಯಾರೋ ಹಿರಿಯರು. ನನಗೆ ಮೈ ಉರಿಯಿತು. ಅವನ ಕೈಯಿಂದ ದಾರ ಕಿತ್ತುಕೊಂಡೆ.

"ಒಮ್ಮೆ ಮುರಿದದ್ದು ಸಾಕು, ಬಿಡೋ. ಅದು ಮುರಿದದ್ದು ನಿನ್ನ ಹಾಲಿಗೆ."

ದಾರ ಕಟ್ಟದೆಯೇ ಮಣ್ಣು ಮಾಡಿದೆವು.