ಹಿಂದಿನ ಸೀಟಿನ ಸಾಕ್ಷಿ

ದೂರ ಪ್ರಯಾಣಕ್ಕೊಂದು ಬೈಕ್ ಬೇಕಿತ್ತು. ಪುತ್ತೂರಿನ ಶೋರೂಮಿನಲ್ಲಿ ಈ ವರ್ಷದ ಮಾಡೆಲ್ ನೋಡಿಯಾಗಿತ್ತು. ಆದರೂ ಮನಸ್ಸು ಅದರ ಹಳೆಯ ಮಾಡೆಲಿನ ಮೇಲೆಯೇ. ಕಡಬದಲ್ಲಿ ಅಂಥದ್ದೊಂದು ಮಾರಲಿಕ್ಕುಂಟೆಂದು ತಿಳಿದು ಹೋದೆ. ಅದರ ಒಡೆಯರಾದ ರಬ್ಬರ್ ತೋಟದ ಮಾಲೀಕರು ಬೈಕ್ ಸ್ಟಾರ್ಟ್ ಮಾಡಿ, "ಈ ಶಬ್ದ ಹೊಸದರಲ್ಲಿ ಎಲ್ಲುಂಟು ಮಾರಾಯ್ರೆ?" ಎಂದರು. ನಾನು ಕರಗಿಹೋದೆ.

ಚಹಾ ತಂದ ಅವರ ಹೆಂಡತಿ ಕೇಳಿದರು, "ಹಿಂದೆ ಕೂತುಕೊಳ್ಳುದು ಯಾರು?"

"ನನ್ನ ಹೆಂಡತಿ."

"ಮತ್ತೆ ಅವರನ್ನು ಯಾಕೆ ಕರ್ಕೊಂಡು ಬರ್ಲಿಲ್ಲ? ಇದರಲ್ಲಿ ಸುಳ್ಯಕ್ಕೆ ಹೋಗಿ ಇಳಿದರೆ ನನ್ನ ಸೊಂಟ ನೆಟ್ಟಗಾಗುದಿಲ್ಲ. ಹೊಸದರ ಸೀಟು ಅಗಲ ಉಂಟು, ತಂಗಿಯ ಮನೆಯದ್ದರಲ್ಲಿ ಕೂತು ನೋಡಿದ್ದೇನೆ."

ಗಂಡ ಮೆಲ್ಲಗೆ ಎಂಜಿನ್ ಆಫ್ ಮಾಡಿದರು.

ಹೊಸದನ್ನೇ ಕೊಂಡೆ. ಅದರಲ್ಲಿ ಮಡಿಕೇರಿಗೆ ಹೋಗಿ ಇಳಿದಾಗಲೂ ನನ್ನ ಹೆಂಡತಿ ನಗುತ್ತಲೇ ಇದ್ದಳು. ಆ ಮಹಾತಾಯಿಯನ್ನು ಇಬ್ಬರೂ ನೆನೆದೆವು. ಕಡಬದ ಬೈಕ್ ಮಾತ್ರ ಇನ್ನೂ ಮಾರಾಟವಾಗಿಲ್ಲವಂತೆ. ನೋಡಲು ಬಂದವರಿಗೆಲ್ಲ ಚಹಾ ತರುವುದು ಅವರೇ ಅಲ್ಲವೇ!